ಮುಂದಿನ ಜೋಡಿ

ನಾನು ಹೇಳೋದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಸಾರ್, ಈ ಕಂಪ್ರೆಸರ್ ಟ್ಯಾಂಕು ಈಗಲೇ ಸಿಡಿದು ನನ್ನ ಮೀಸೆ ಹೋಗಿ ಎದುರುಗಡೆ ಬಸ್ ಸ್ಟಾಪಲ್ಲಿ ಬೀಳ್ಲಿ. ನೋಡಿ, ಸಿಡೀಲಿಲ್ಲ. ಕೂತ್ಕೊಳ್ಳಿ. ಮುನಿಯಣ್ಣ ನಿಮ್ಮ ಫಿಯೆಟ್ಟಿಗೆ ಜಾಕ್ ಕೊಡೋಕೇ ಇನ್ನೂ ಹೊತ್ತು ಬೇಕು, ಮಳೇನೂ ನಿಲ್ಲೋ ಹಂಗೆ ಕಾಣಲ್ಲ. ಎರಡು ರೇಡಿಯಲ್ ಟೈರ್ ಸಾಕು, ಮುಂದಕ್ಕೆ ಹಾಕಪ್ಪ, ಹಿಂದಿನ ನೈಲಾನ್ ಇನ್ನೂ ಒಂದು ವರ್ಷ ಬರುತ್ತೆ ಅಂದ್ರಿ. ಹಾಕ್ತೀನಿ. ಅಂಗಡಿಯೋನಿಗೇನು ಸಾರ್, ಗಿರಾಕಿ ತೋರಿಸಿದ ಕಡೆ ಹಾಕೋದು. ಆ ಎರಡನ್ನೂ ನಿಮ್ಮ ಮುಂದಿನ ಚಕ್ರದ ಹತ್ರಾನೇ ನಿಲ್ಸಿದೀನಿ. ಅಷ್ಟರೊಳಗೆ ಒಂದು ಕಥೆ ಕೇಳಿ.

ಸಾಕ್ಷಿ ಬೇಕಾದ್ರೆ ಅಲ್ಲೇ ಇದಾರೆ. ಆ ಮೂಲೇಲಿ, ಲಾರಿ ಟೈರ್ ಮೇಲೆ, ಬಿಳೀ ರುಮಾಲು. ಗೊಟ್ಟಿಗೆರೆ ಚಿಕ್ಕಬೈರಪ್ಪನೋರು. ಮಳೆ ಬಂದ ದಿನ ಬಸ್ ಹತ್ತಿ ನಮ್ಮ ಅಂಗಡಿಗೆ ಬರ್ತಾರೆ. ನಾಲ್ಕು ವರ್ಷದಿಂದ ಹಿಂಗೇ. ಟೀ ಕೊಟ್ರೆ ಕುಡೀತಾರೆ, ಮಾತಾಡಲ್ಲ. ಮಡಿಲಲ್ಲಿ ಬಟ್ಟೆ ಚೀಲ ಇದೆಯಲ್ಲ, ಅದರೊಳಗೆ ಹಾಲು ಅಳೆಯೋ ಪಾವು ಒಂದಿದೆ, ಒಂದು ಕಡೆ ನಜ್ಜುಗುಜ್ಜಾಗಿರೋದು. ಯಾಕೆ ಇಟ್ಕೊಂಡಿದಾರೆ ಅಂತ ಕೇಳಬೇಡಿ. ಹೋದ ಮಹಾಲಯ ಅಮಾವಾಸ್ಯೆಗೆ ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಎಡೆ ಇಟ್ಟಿದ್ರು. ಹಸಿರು ಸೀರೆ, ಬಳೆ, ಒಂದು ಲೋಟ ಹಾಲು. ಯಾರಿಗೆ ಅಂದ್ರಾ? ಬಿಡಿ, ದೊಡ್ಡೋರ ಮನೆ, ಹಿರಿಯರು ಬೇಕಾದಷ್ಟು ಜನ ಇರ್ತಾರೆ. ಕಥೆಗೆ ಬರ್ತೀನಿ.

ಇದು ಎಂಬತ್ಮೂರನೇ ಇಸವಿ ಮಾತು. ಆಗ ಈ ಯಜಮಾನ್ರ ಹೊಲ ಎಲ್ಲ ಸೈಟಾಗೋಕೆ ಹೋಗಿತ್ತು. ಕಲ್ಲು ನೆಟ್ಟು, ಸುಣ್ಣ ಬಳಿದು, ರಾಗಿ ಬೆಳೀತಿದ್ದ ಜಾಗಕ್ಕೆ ಫಸ್ಟ್ ಕ್ರಾಸು ಸೆಕೆಂಡ್ ಕ್ರಾಸು ಅಂತ ಹೆಸರು ಬಂದಿತ್ತು. ಉಳುಮೆ ಇಲ್ಲದ ಮೇಲೆ ಎತ್ತು ಯಾಕೆ ಅಂತ ಜೋಡಿ ಮಾರಿಬಿಟ್ರು. ಕೊಟ್ಟಿಗೆ ಖಾಲಿ ನೋಡೋಕಾಗಲ್ಲ ಅಂತ ಒಂದು ಹಳೇ ಅಂಬಾಸಿಡರ್ ತಂದು ಎತ್ತು ಕಟ್ತಿದ್ದ ಗೂಟದ ಪಕ್ಕಾನೇ ನಿಲ್ಸಿದ್ರು. ಮೊದಲನೇ ವಾರ ಅದರ ಮುಂದೆ ಹುಲ್ಲು ಹಾಕಿದ್ರು ಅಂತ ಮುನಿಯಣ್ಣ ಹೇಳ್ತಾನೆ. ನಾನು ನಂಬಲ್ಲ. ಹಿಂಡಿ ಇಟ್ಟಿದ್ದು ಮಾತ್ರ ನಾನೇ ಕಣ್ಣಾರೆ ನೋಡಿದೀನಿ.

ಎತ್ತು ಹೋದ್ರೂ ಐದು ಹಸು ಉಳಿದಿದ್ವು. ಆ ಹಾಲು ದಿನಾ ಬೆಳಗ್ಗೆ ಜಯನಗರಕ್ಕೆ ಬರಬೇಕಲ್ಲ. ಅದಕ್ಕೆ ಅಂಬಾಸಿಡರ್. ಡಿಕ್ಕಿಯಲ್ಲಿ ನಾಲ್ಕು ಕ್ಯಾನು, ಹಿಂದಿನ ಸೀಟಲ್ಲಿ ಒಂದು ಕ್ಯಾನು, ಆ ಕ್ಯಾನನ್ನ ಮಗು ಥರ ತಬ್ಬಿಕೊಂಡು ಅವರ ಮನೆಯೋರು ಬೈರಮ್ಮನೋರು. ಕೈಯಲ್ಲಿ ಪಾವು. ಮುಂದಿನ ಸೀಟಿಗೆ ಬಾ ಅಂದ್ರೆ ಬರ್ತಿರಲಿಲ್ಲ. ಗಂಡನ ಪಕ್ಕ ಕೂತು ಜಯನಗರದಲ್ಲಿ ಮೆರವಣಿಗೆ ಹೋಗೋಕೆ ನಾನೇನು ಮದುವೆ ಹೆಣ್ಣಾ ಅಂತಿದ್ರಂತೆ. ಯಜಮಾನ್ರು ಬ್ರೇಕ್ ತುಳಿಯೋವಾಗ ಸ್ಟೇರಿಂಗ್ ಎದೆಗೆ ಎಳ್ಕೊಂಡು ಹೋ ಹೋ ಅಂತಿದ್ರು. ಗಾಡಿ ನಿಲ್ತಿತ್ತು. ಆ ಹೋ ಹೋ ಅನ್ನೋದಕ್ಕೇ ನಿಲ್ಲುತ್ತೆ ಅಂತ ಅವರ ನಂಬಿಕೆ.

ಒಂದಿನ ಮುಂದಿನ ಎರಡು ಟೈರು ದಾರ ಕಾಣೋ ಹಂಗೆ ಸವೆದುಹೋಗಿ ನನ್ನ ಹತ್ರ ಬಂದ್ರು. ಆಗ ರೇಡಿಯಲ್ ಅನ್ನೋದು ಹೊಸದು ಸಾರ್. ನನ್ನ ಹತ್ರ ಒಂದೇ ಜೋಡಿ ಇತ್ತು. ಯಾರೂ ಮುಟ್ಟಿರಲಿಲ್ಲ, ಟೈರಿನ ಪಕ್ಕೆ ಮೆತ್ತಗಿದೆ, ಗಾಳಿ ಕಮ್ಮಿ ಇದ್ದಂಗೆ ಕಾಣುತ್ತೆ ಅಂತ. ಕಂಪನಿಯಿಂದ ಟೈ ಕಟ್ಕೊಂಡು ಬಂದಿದ್ದ ಒಬ್ಬ ಹುಡುಗ ಇದೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗಾಡಿ ಬರೆದು ಪಾಠ ಹೇಳಿದ್ದ. ಇದು ನೆಲ ಹಿಡಿದ್ರೆ ಬಿಡಲ್ಲ, ನೈಲಾನು ಬಿಡುತ್ತೆ. ಎರಡೇ ಹಾಕೋದಾದ್ರೆ ಹಿಂದಕ್ಕೆ ಹಾಕಿ. ಮುಂದಕ್ಕೆ ಹಾಕಿದ್ರೆ ಒದ್ದೆ ರಸ್ತೇಲಿ, ತಿರುವಲ್ಲಿ, ಮುಂದಿಂದು ನಿಂತ್ಕೊಳ್ಳುತ್ತೆ, ಹಿಂದಿಂದು ಬೀಸಿ ಮುಂದಕ್ಕೆ ಬರುತ್ತೆ ಅಂದಿದ್ದ. ಆ ಸೀಮೆಸುಣ್ಣದ ಗಾಡಿ ಒಂದು ವಾರ ಇಲ್ಲೇ ಇತ್ತು. ಆಮೇಲೆ ಯಾರೋ ನೀರು ಚೆಲ್ಲಿದ್ರು.

ಯಜಮಾನ್ರು ಟೈರ್ ಆರಿಸಿದ್ದು ನೋಡಬೇಕಿತ್ತು ನೀವು. ಎತ್ತಿನ ವ್ಯಾಪಾರ ಮಾಡಿದ ಕೈ. ಅಂಗಡಿಯಲ್ಲಿರೋ ಟೈರೆಲ್ಲ ಬಿಸಿಲಿಗೆ ತರಿಸಿದ್ರು. ಒಂದೊಂದರ ಸುತ್ತಾನೂ ನಡೆದು ಬಂದ್ರು. ಸುಳಿ ನೋಡಿದ್ರು. ಎತ್ತಿನ ಮೈಮೇಲೆ ಕೂದಲು ಸುತ್ತಿಕೊಂಡಿರುತ್ತಲ್ಲ, ಆ ಸುಳಿ ಎಲ್ಲಿದೆ ಅಂತ ನೋಡಿ ಮನೆಗೆ ಆಗಿಬರುತ್ತೋ ಇಲ್ವೋ ಹೇಳ್ತಾರೆ. ಹಂಗೇ ಟೈರಿನ ಗೆರೆ ಮೇಲೆ ಬೆರಳಿಟ್ಕೊಂಡು ಪೂರ್ತಿ ಒಂದು ಸುತ್ತು ಬಂದ್ರು. ಒಂದು ನೈಲಾನ್ ಟೈರಿಗೆ ಹೆಂಡ್ತಿ ತಿನ್ನೋ ಸುಳಿ ಇದೆ ಅಂತ ದೂರ ತಳ್ಳಿದ್ರು. ಆಮೇಲೆ ನಡಿಗೆ ನೋಡಬೇಕು ಅಂತ ರೋಡಲ್ಲಿ ಉರುಳಿಸಿದ್ರು. ರೇಡಿಯಲ್ ಜೋಡಿ ಉರುಳಿದ್ದು ನೋಡಿ ಕಣ್ಣಲ್ಲಿ ನೀರು ಬಂತು ಅವರಿಗೆ. ನಡೆದ್ರೆ ಹಿಂಗೆ ನಡೀಬೇಕು ಅಂದ್ರು. ರೇಟು ಬಾಯಲ್ಲಿ ಕೇಳೋ ಹಂಗಿಲ್ಲ, ಅಪಶಕುನ. ಟವಲ್ ಹಾಕಿ, ಅದರ ಕೆಳಗೆ ನನ್ನ ಬೆರಳು ಹಿಡ್ಕೊಂಡು ಅದುಮಿದ್ರು. ನಾನು ವಿಲ್ಸನ್ ಗಾರ್ಡನ್ನಲ್ಲಿ ಹುಟ್ಟಿದೋನು, ಎತ್ತನ್ನ ಪೊಂಗಲ್ ಕ್ಯಾಲೆಂಡರಲ್ಲಿ ನೋಡಿರೋದು. ಯಾವ ಬೆರಳಿಗೆ ಎಷ್ಟು ಅಂತ ತಿಳೀದೆ ನಾನೂ ಅದುಮಿದೆ. ವ್ಯಾಪಾರ ಕುದುರ್ತು ಅಂದ್ರು.

ನಾಲ್ಕೂ ಬದಲಾಯಿಸೋಣ, ಇನ್ನೆರಡು ತರಿಸಿಕೊಡ್ತೀನಿ ಅಂದೆ. ನಾಲ್ಕೆತ್ತಿನ ಗಾಡಿ ಎಲ್ಲಿ ನೋಡಿದೀಯ ಅಂದ್ರು. ಆಗ ನಾನು ಹೇಳಿದೆ ಸಾರ್. ಇದು ನೀವು ಬರ್ಕೊಳ್ಳಿ ಬೇಕಾದ್ರೆ. ಹೇಳಿದೆ.

"ಹಂಗಾದ್ರೆ ಈ ಜೋಡಿ ಹಿಂದಕ್ಕೆ ಹಾಕೋಣ ಯಜಮಾನ್ರೇ. ಹಳೇದು ಮುಂದಕ್ಕೆ ಬರ್ಲಿ."

"ಏನಯ್ಯ ದಾಸಪ್ಪ," ಅಂದ್ರು, "ಒಳ್ಳೇ ಎತ್ತು ತಂದು ಗಾಡಿ ಹಿಂದೆ ಕಟ್ತಾರೇನಯ್ಯ?"

ಅಂಗಡಿ ಮುಂದೆ ನಿಂತಿದ್ದೋರೆಲ್ಲ ನಕ್ರು. ಆಟೋದೋರು ನಕ್ರು, ಟೀ ಅಂಗಡಿ ಬೋರಯ್ಯ ಲೋಟ ಇಟ್ಟು ನಕ್ಕ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಒಳ್ಳೇ ಮಾತಲ್ವಾ ಸಾರ್. ನಕ್ಕೊಂಡೇ ಪಾನಾ ತಗೊಂಡು ಮುಂದಕ್ಕೆ ಹಾಕಿದೆ. ಮುನಿಯಣ್ಣ ಅವತ್ತು ರಜ. ನಟ್ಟು ಬಿಗಿ ಮಾಡಿದ್ದು ಈ ಕೈಯೇ. ಯಜಮಾನ್ರು ಎರಡೂ ಟೈರಿಗೆ ಅರಿಶಿನ ಕುಂಕುಮ ಇಟ್ಟು, ಬೆನ್ನು ತಟ್ಟಿ, ಎಡಗಡೇದಕ್ಕೆ ರಾಮ, ಬಲಗಡೇದಕ್ಕೆ ಭೀಮ ಅಂತ ಹೆಸರಿಟ್ಟು ಹೊರಟ್ರು. ಬೈರಮ್ಮನೋರು ಹಿಂದಿನ ಕಿಟಕಿಯಿಂದ ಹಳೇ ನೈಲಾನ್ ಟೈರ್ ಕಡೆ ಒಂದು ಸಲ ಬಗ್ಗಿ ನೋಡಿದ್ರು. ಇವಕ್ಕೇನೂ ಇಲ್ವಾ ಅಂದ್ರು. ಉಳಿದಿದ್ದ ಕುಂಕುಮಾನ ಅವರೇ ಇಳಿದು ಹಚ್ಚಿದ್ರು.

ಬಿಸಿಲಿರೋವರೆಗೂ ಸಖತ್ತಾಗಿತ್ತು. ಮಳೆ ಶುರುವಾಯ್ತು ನೋಡಿ.

ಮೊದಲನೇ ಸಲ, ಜೂನಲ್ಲಿ, ಹನಿ ಮಳೆ. ಕೆರೆ ಏರಿ ಮೇಲೆ ಒಂದು ತಿರುವಿದೆ, ಬನ್ನೇರುಘಟ್ಟ ರೋಡಿಗೆ ಸೇರೋಕೆ ಮುಂಚೆ. ಅಲ್ಲಿ ಯಜಮಾನ್ರು ಹೋ ಅಂದ್ರಂತೆ. ಗಾಡಿ ಮೆತ್ತಗೆ, ಶಬ್ದಾನೇ ಇಲ್ಲದೆ, ಹಿಂದು ಮುಂದಾಗಿ ನಿಂತುಬಿಡ್ತು. ಮೂತಿ ಗೊಟ್ಟಿಗೆರೆ ಕಡೆಗೆ. ಒಂದು ಹನಿ ಹಾಲು ಚೆಲ್ಲಿಲ್ಲ. ಯಜಮಾನ್ರು ಇಲ್ಲಿಗೆ ಬಂದು ನಗ್ತಾ ಹೇಳಿದ್ರು, ಹೊಸ ಎತ್ತು ಕಣಯ್ಯ, ಹಳೇ ಕೊಟ್ಟಿಗೆ ನೆನಪಾಗಿ ಮನೆ ಕಡೆ ತಿರುಗ್ತಾವೆ, ಪಳಗಬೇಕು. ನನಗೆ ಸೀಮೆಸುಣ್ಣದ ಗಾಡಿ ನೆನಪಾಯ್ತು. ಆದ್ರೆ ಅಂಗಡಿ ತುಂಬ ಜನ ಇದ್ರು, ಆ ಮಾತು ಕೇಳಿ ಎಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ರು.

ಎರಡನೇ ಸಲ ಇನ್ನೂ ಜೋರು ಮಳೆ. ಅದೇ ತಿರುವು. ಈ ಸಲ ಗಾಡಿ ಪೂರ್ತಿ ಒಂದು ಸುತ್ತು ಸುತ್ತಿ, ಮತ್ತೆ ಜಯನಗರದ ಕಡೆಗೇ ಮೂತಿ ಮಾಡಿ, ಏನೂ ಆಗದೋರ ಥರ ಹೊರಟುಹೋಯ್ತು. ಸುತ್ತಿದ್ದು ಒಂದಲ್ಲ ಮೂರು ಅಂತ ನಾನು ಹೇಳ್ತೀನಿ. ಯಾಕಂದ್ರೆ ಅವತ್ತು ನಾಲ್ಕನೇ ಟಿ ಬ್ಲಾಕಿನ ಮೀನಾಕ್ಷಮ್ಮನೋರ ಪಾತ್ರೆಗೆ ಹಾಲು ಸುರಿದ್ರೆ ಮೇಲೆ ಬೆಣ್ಣೆ ತೇಲ್ತಿತ್ತು. ನಿಂಬೆ ಗಾತ್ರದ್ದು. ಹತ್ತು ವರ್ಷದಿಂದ ಹಾಲಲ್ಲಿ ನೀರು ಅಂತ ಜಗಳ ಆಡಿದ ಹೆಂಗಸು ಸಾರ್, ಅವತ್ತು ಹಾಲಲ್ಲಿ ಬೆಣ್ಣೆ ಅಂತ ಜಗಳಕ್ಕೆ ನಿಂತ್ರು.

ಈ ಬೆಣ್ಣೆ ಕಥೆ ನಾನು ಹೇಳಿದ್ದೇ ಹೇಳಿದ್ದು. ಬನಶಂಕರಿಯಿಂದ, ವಸಂತಪುರದಿಂದ ಜನ ಬರೋರು, ದಾಸಪ್ಪ, ಅದೇನೋ ಬೆಣ್ಣೆ ಕಾರಂತೆ, ಹೇಳು ಅಂತ. ಕೇಳಿ ನಕ್ಕು, ಹೋಗೋವಾಗ ಪಂಚರ್ರೋ ಟ್ಯೂಬೋ ಏನಾದ್ರೂ ಮಾಡಿಸ್ಕೊಂಡು ಹೋಗೋರು. ಆ ಟೈರು ಹಿಂದಕ್ಕೆ ಹಾಕೋಕೆ ಎಷ್ಟು ಹೊತ್ತು ಬೇಕಿತ್ತು? ಒಂದು ಟೀ ಕುಡಿಯೋ ಹೊತ್ತು. ಆದ್ರೆ ಹಾಕಿದ್ರೆ ಕಥೆ ಮುಗಿದುಹೋಗ್ತಿತ್ತಲ್ಲ.

ಒಂದು ಬೆಳಗ್ಗೆ ಬೈರಮ್ಮನೋರು ಒಬ್ಬರೇ ಬಂದ್ರು. ಯಜಮಾನ್ರು ಮಾರ್ಕೆಟ್ ಹತ್ರ ಗಾಡಿ ನಿಲ್ಸಿ ಬೂಸಾ ತರೋಕೆ ಹೋಗಿದ್ರು. ಬೀಡಿ ಸೇದ್ತಿದ್ದೋರೆಲ್ಲ ಎದ್ದು ನಿಂತ್ರು, ಅಂಥಾ ಹೆಂಗಸು. ಸೆರಗು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ರು.

"ಏನಪ್ಪ ದಾಸಪ್ಪ, ನೀನು ತಿಳಿದೋನು. ಮುಂದೆ ಕೂತೋರಿಗೆ ಏನೂ ಗೊತ್ತಾಗಲ್ಲ. ಏರಿ ಮೇಲೆ ಮಳೇಲಿ ತಿರುಗಿದ್ರೆ ನಂಗೆ ಹಿಂದಿನಿಂದ ಯಾರೋ ಸೆರಗು ಹಿಡಿದು ಕೆರೆ ಕಡೆ ಎಳೆದಂಗಾಗುತ್ತೆ. ದಿನಾ ಎಳೀತಾರೆ. ಏನು ಮಾಡ್ಲಿ ಹೇಳು."

ಸೀಮೆಸುಣ್ಣದ ಹುಡುಗ ಬರೆದಿದ್ದು ಇದೇ ಜಾಗ ಸಾರ್, ನಿಮ್ಮ ಕಾಲ ಹತ್ರ. ಹೇಳೋಣ ಅಂತ ಬಾಯಿ ತೆರೆದೆ. ಸುತ್ತ ನೋಡಿದೆ. ಐದಾರು ಜನ ಆಗಲೇ ಬಾಯಿ ಅಗಲ ಮಾಡ್ಕೊಂಡು ಕಾಯ್ತಿದ್ರು, ದಾಸಪ್ಪ ಈಗೇನಂತಾನೆ ಅಂತ.

"ಅಕ್ಕ," ಅಂದೆ, "ಹಿಂದಿನ ಜೋಡಿಗೆ ಹೊಟ್ಟೆಕಿಚ್ಚು. ದೃಷ್ಟಿ ತೆಗೆದು ಒಂದು ನಿಂಬೆಹಣ್ಣು ಕಟ್ಟಿ."

ಎಲ್ಲ ನಕ್ರು. ಅವರು ನಗಲಿಲ್ಲ. ಸರಿ ಕಣಪ್ಪ ಅಂತ ತಲೆ ಆಡಿಸಿದ್ರು. ಮಾರನೇ ದಿನ ನೋಡ್ತೀನಿ, ಹಿಂದಿನ ಬಂಪರಿಗೆ, ಎರಡು ಚಕ್ರಕ್ಕೂ ಒಂದೊಂದು ಅಂತ, ಎರಡು ನಿಂಬೆಹಣ್ಣು. ನೂಲಲ್ಲಿ ಪೋಣಿಸಿ, ನಡುವೆ ಒಣಮೆಣಸಿನಕಾಯಿ, ಅಚ್ಚುಕಟ್ಟಾಗಿ. ಪ್ರತಿ ಮಂಗಳವಾರ ಬದಲಾಯಿಸ್ತಿದ್ರಂತೆ. ಸುಳ್ಳಾದ್ರೆ ಅಲ್ಲೇ ಕೂತಿದಾರಲ್ಲ, ಕೇಳಿ. ಬೇಡ ಬಿಡಿ, ಕೇಳಬೇಡಿ. ಟೀ ಆರ್ತಿದೆ ಯಜಮಾನ್ರೇ, ಕುಡೀರಿ.

ಇನ್ನು ಮೂರನೇ ಸಲ. ಶ್ರಾವಣ, ಮಂಗಳವಾರ. ರಾತ್ರಿಯೆಲ್ಲ ಸುರಿದು ಬೆಳಗ್ಗೆ ಸ್ವಲ್ಪ ಬಿಟ್ಟಿತ್ತು. ಏರಿ ಮೇಲೆ ಕೆಮ್ಮಣ್ಣು ಕೊಚ್ಚಿ ಬಂದು ಟಾರ್ ಮೇಲೆ ಪಾಯಸದಂಗೆ ಕೂತಿತ್ತು. ಕೆರೆ ತುಂಬಿ ಏರಿ ಕಲ್ಲಿಗೆ ನೀರು ಬಡೀತಿತ್ತು. ತಿರುವಿಗೆ ಬರೋವಾಗ ಎದುರಿಗೆ ಒಂದು ಎತ್ತಿನ ಗಾಡಿ. ಒಳ್ಳೇ ಜೋಡಿಯಂತೆ, ಹಾಲುಬಿಳುಪು, ಕೊಂಬು ಅಳತೆ ಮಾಡಿ ಇಟ್ಟಂಗೆ. ಯಜಮಾನ್ರು ಜೋಡಿ ನೋಡಿದ್ರು. ನೋಡದೆ ಇರೋಕಾಗುತ್ತಾ. ನೋಡ್ತಾನೇ ಹೋ ಹೋ ಅಂತ ಸ್ಟೇರಿಂಗ್ ಎಳ್ಕೊಂಡು ಬ್ರೇಕ್ ತುಳಿದ್ರು.

ಮುಂದಿನ ಜೋಡಿ ನಿಲ್ತು ಸಾರ್. ಹೇಳಿದ ಮಾತು ಕೇಳೋ ಎತ್ತಿನಂಗೆ ನಿಂತ ಕಡೆ ನಿಲ್ತು. ಹಿಂದಿಂದು ನಿಲ್ಲಲಿಲ್ಲ. ಐದು ಕ್ಯಾನ್ ಹಾಲಿನ ಭಾರ ಅದರ ಮೇಲೆ. ಬೀಸಿಕೊಂಡು ಬಂತು, ಬಾಗಿಲು ತೆಗೆದಂಗೆ, ಅಷ್ಟೇ ಸಲೀಸು. ಏರಿ ಅಂಚು ದಾಟಿ, ಹಿಂದುಗಡೆಯಿಂದ, ಕೆರೆ ಕಡೆಗೆ ಇಳೀತು.

ಸುದ್ದಿ ಗೊತ್ತಾಗಿ ನಾನು ಲ್ಯಾಂಬ್ರೆಟ್ಟಾ ಸ್ಕೂಟರ್ ಹತ್ಕೊಂಡು ಹೋದೆ. ಏನು ನೋಡಿದೆ ಅಂದ್ರೆ ನೀವು ನಂಬಲ್ಲ. ಅಷ್ಟು ದೊಡ್ಡ ಅಂಬಾಸಿಡರು ಏರಿಗೆ ಜೋತುಬಿದ್ದಿದೆ. ಹಿಂದಿನ ಅರ್ಧ ನೀರೊಳಗೆ, ಕಿಟಕಿ ಮುಚ್ಚೋವರೆಗೂ. ಮುಂದಿನ ಎರಡು ಚಕ್ರ ಮಾತ್ರ ಏರಿ ಕಲ್ಲನ್ನ ಕಚ್ಚಿ ಹಿಡ್ಕೊಂಡಿವೆ. ರಾಮ, ಭೀಮ. ಹಚ್ಚಿದ್ದ ಅರಿಶಿನ ಅಂಚಲ್ಲಿ ಇನ್ನೂ ಇತ್ತು. ಹಿಡಿದ್ರೆ ಬಿಡಲ್ಲ ಅಂದಿದ್ದನಲ್ಲ ಕಂಪನಿ ಹುಡುಗ, ಬಿಟ್ಟಿರಲಿಲ್ಲ. ಮುಂದಿನ ಸೀಟು ಒಣಗಿದಂಗೇ ಇತ್ತು. ಕೆರೆ ನೀರು ಅಷ್ಟಗಲಕ್ಕೂ ಹಾಲು ಬಣ್ಣ. ನೀರ ಮೇಲೆ ಎರಡು ನಿಂಬೆಹಣ್ಣು ಜೊತೆಯಾಗಿ ತೇಲ್ತಿದ್ವು. ಯಜಮಾನ್ರು ಏರಿ ಮೇಲೆ ಕೂತಿದ್ರು, ಸೊಂಟದವರೆಗೂ ಒದ್ದೆ, ಕೈಯಲ್ಲಿ ಆ ಪಾವು. ನನ್ನ ನೋಡಿ ಒಂದೇ ಮಾತು ಕೇಳಿದ್ರು. ಹಿಂದಕ್ಕೆ ಕಟ್ಟು ಅಂದಿದ್ದೆಯಲ್ಲ ದಾಸಪ್ಪ, ಇನ್ನೊಂದು ಸಲ ಯಾಕೆ ಹೇಳಲಿಲ್ಲ ಅಂತ.

ಯಾಕೆ ಮುನಿಯಣ್ಣ, ಸುಮ್ಮನೆ ನಿಂತೆ? ನಟ್ಟು ಬಿಚ್ಚು. ನಿಂಗೆ ಈ ಕಥೆ ಹೊಸದಾ?

ಹಿಂದಿನ ಸೀಟು ಏನಾಯ್ತು ಅಂತೀರಾ ಸಾರ್? ಎಲ್ಲರೂ ಅದನ್ನೇ ಕೇಳ್ತಾರೆ. ಖಾಲಿ. ಖಾಲಿ ಇತ್ತು ಸಾರ್. ದೇವರ ದಯೆ ನೋಡಿ. ಅವತ್ತು ಮಂಗಳವಾರ ಅಂದೆನಲ್ಲ, ನಿಂಬೆಹಣ್ಣು ಬದಲಾಯಿಸೋ ದಿನ. ಬೈರಮ್ಮನೋರು ಏರಿ ಇನ್ನೂ ಒಂದು ಕೂಗಳತೆ ಇದೆ ಅನ್ನೋವಾಗಲೇ, ಮಾರಮ್ಮನ ಗುಡಿ ಹತ್ರ ಗಾಡಿ ನಿಲ್ಸಿ ಅಂದ್ರಂತೆ. ಹೊಸ ಹಣ್ಣು ತರ್ತೀನಿ, ನೀವು ಮುಂದೆ ನಡೀರಿ, ನಾನು ಏರಿ ಮೇಲೆ ನಡ್ಕೊಂಡು ಬರ್ತೀನಿ ಅಂತ ಇಳಿದುಬಿಟ್ರು. ಪಾವು ಸೀಟ್ ಮೇಲೇ ಬಿಟ್ಟು ಇಳಿದ್ರು, ಅದಕ್ಕೇ ಅದು ಯಜಮಾನ್ರ ಕೈಯಲ್ಲಿತ್ತು. ಆಮೇಲೆ ನಿಧಾನಕ್ಕೆ ನಡ್ಕೊಂಡು ಬರ್ತಾರೆ, ಮಡಿಲಲ್ಲಿ ನಿಂಬೆಹಣ್ಣು, ಸೆರಗು ಒಂದು ಚೂರೂ ಒದ್ದೆಯಾಗಿಲ್ಲ. ಬಂದು ನೋಡ್ತಾರೆ, ಗಾಡಿ ಕೆರೇಲಿ, ಗಂಡ ಏರಿ ಮೇಲೆ. ಸೊಂಟದ ಮೇಲೆ ಕೈಯಿಟ್ಕೊಂಡು ಆಗ ಬೈರಮ್ಮನೋರು ಏನಂದ್ರು ಗೊತ್ತಾ, ಒಳ್ಳೇ ಎತ್ತು ಒಳ್ಳೇ ಎತ್ತು ಅಂತ ಊರೆಲ್ಲ ಹೇಳ್ಕೊಂಡು ಬಂದ್ರಲ್ಲ, ಈಗ ನೋಡಿ, ನಿಮ್ಮ ಎತ್ತು...

ಯಜಮಾನ್ರೇ. ಎಲ್ಲಿಗೆ? ಇನ್ನೂ ಮುಗಿದಿಲ್ಲ. ಯಾವತ್ತೂ ಪೂರ್ತಿ ಕೇಳ್ಕೊಂಡೇ ಹೋಗೋದಲ್ವಾ ನೀವು. ಮಳೆ ಬರ್ತಿದೆ, ರುಮಾಲು ನೆನೀತಿದೆ. ಚೀಲ ಇಲ್ಲೇ ಬಿಟ್ರಿ.

ಬಿಡು ಮುನಿಯಣ್ಣ, ತಡೀಬೇಡ.

ನಿಮ್ಮ ಟೈರೇ ಸಾರ್ ಅದು. ಏನೂ ಮಾಡಲ್ಲ, ಸುಮ್ನಿರಿ. ಮುಂದಿನ ಚಕ್ರದ ಹತ್ರ ಇದ್ದಿದ್ದನ್ನ ತಗೊಂಡ್ರು. ಮೇಲೆ ಒಂದು ಕೈ ಇಟ್ಕೊಂಡು ಮೆತ್ತಗೆ ನಡೆಸ್ಕೊಂಡು ಹೋಗ್ತಿದಾರೆ, ಮೂಗುದಾರ ಹಿಡಿದಂಗೆ. ಹಿಂದಿನ ಚಕ್ರಕ್ಕೆ ಒರಗಿಸಿದ್ರು. ಬೆನ್ನು ತಟ್ಟಿದ್ರು.

ಇನ್ನೊಂದಕ್ಕೆ ವಾಪಸ್ ಬರ್ತಿದಾರೆ.